ಹೇಳಿ ಹೋದ ಜಾಗ

ನಮ್ಮ ಭಾವ ಇರುವೆಗೂ ಕೆಟ್ಟದ್ದು ಬಯಸದ ಮನುಷ್ಯರು. ಕೆಲಸದಲ್ಲಿ ಮೋಸ ಇಲ್ಲ, ಕುಡಿತ ಇಲ್ಲ, ಪಕ್ಕದ ಮನೆಯ ಉಸಾಬರಿ ಇಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಅವರ ಬಾಯಿಂದ ನಿಜ ಹೊರಟದ್ದನ್ನು ನಾನು ಕೇಳಿದವಳಲ್ಲ. ಮೀನು ಹಿಡಿಯಲು ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿದರೆ ಸಾಕು, ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದರು. ನಾನು ಅವರ ನಾದಿನಿ. ಅವರು ಅಕ್ಕನನ್ನು ಮದುವೆಯಾದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅವತ್ತಿನಿಂದಲೂ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ನಾನು ಕೆಣಕುವುದು, ಅವರು ಕೇಳಿಸದವರಂತೆ ಕೂರುವುದು, ಅಕ್ಕ ಮಧ್ಯೆ ನಿಂತು ನಗುವುದು.

ಅವರದು ತಗಡಿನ ಕೆಲಸ. ಬಟ್ಟೆ ಇಡುವ ಪೆಟ್ಟಿಗೆ, ಬಕೆಟ್ಟು, ಲಾಳಿಕೆ, ಹೊಗೆ ಕೊಳವೆ, ಸೂರಿನ ನೀರು ಹರಿಯುವ ದೋಣಿ, ಏನು ಹೇಳಿದರೂ ಮಾಡಿಕೊಡುತ್ತಿದ್ದರು. ಆ ಬೀದಿಯಲ್ಲಿ ಎಡಕ್ಕೂ ಬಲಕ್ಕೂ ಅದೇ ಅಂಗಡಿಗಳು. ಬೆಳಿಗ್ಗೆ ಬಾಗಿಲು ತೆರೆದರೆ ಸಂಜೆಯವರೆಗೆ ತಗಡಿನ ಮೇಲೆ ಸುತ್ತಿಗೆ ಬೀಳುತ್ತಲೇ ಇರಬೇಕು. ಅಲ್ಲಿನವರು ಅರ್ಧ ಮಾತು ಕೈಯಲ್ಲೇ ಆಡುತ್ತಾರೆ. ಗಿರಾಕಿಗಳು ಒಂದು ಕಿವಿಗೆ ಬೆರಳಿಟ್ಟುಕೊಂಡೇ ಚೌಕಾಸಿ ಮಾಡುತ್ತಾರೆ. ಭಾವನ ಅಂಗಡಿಯ ನೆಲದಲ್ಲಿ ಹೂತಿದ್ದ ರೈಲು ಕಂಬಿಯ ತುಂಡು ಅವರ ಅಪ್ಪನ ಕಾಲದ್ದು. ಪೆಟ್ಟು ತಿಂದು ತಿಂದು ಅದರ ನೆತ್ತಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಗಡಿಯ ಮೇಲೆಯೇ ಎರಡು ಕೋಣೆಯ ಮನೆ. ಕೆಳಗೆ ಸುತ್ತಿಗೆ ಬಿದ್ದರೆ ಮೇಲೆ ಬೀರುವಿನಲ್ಲಿಟ್ಟ ಲೋಟಗಳು ತಾವಾಗಿಯೇ ಜರುಗಿ ಅಂಚಿಗೆ ಬರುತ್ತಿದ್ದವು. ಸಂಜೆ ಅವನ್ನು ಒಳಕ್ಕೆ ತಳ್ಳುವುದು ಅಕ್ಕನಿಗೆ ಕಸ ಗುಡಿಸಿದಷ್ಟೇ ರೂಢಿ.

ಇಷ್ಟು ವರ್ಷ ಹೀಗೆ ಬಡಿದ ಮೇಲೆ ಕಿವಿ ಉಳಿಯುತ್ತದೆಯೇ? ನಲವತ್ತು ದಾಟುವಷ್ಟರಲ್ಲಿ ಭಾವನಿಗೆ ಅರ್ಧ ಕಿವುಡು. ಅಕ್ಕ ಮಾತಾಡಿಸಬೇಕಾದರೆ ಕೂಗಬೇಕು. ಅವಳು ಕೂಗಿದ್ದಕ್ಕೆ ಅವರೂ ಕೂಗಿ ಉತ್ತರ ಕೊಡಬೇಕು. ಗೊತ್ತಿಲ್ಲದವರು ಕೇಳಿದರೆ ಈ ಗಂಡ ಹೆಂಡತಿ ದಿನಾ ಕಚ್ಚಾಡುತ್ತಾರೆ ಅಂದುಕೊಳ್ಳಬೇಕು. "ಉಪ್ಪು ಸಾಕಾ?" ಅನ್ನುವುದನ್ನೂ ಜಗಳದ ದನಿಯಲ್ಲೇ ಕೇಳುತ್ತಿದ್ದರು.

"ಅಲ್ಲ ಭಾವ, ಕಿವುಡರಿಗೆ ನಿಶ್ಶಬ್ದ ಯಾಕೆ ಬೇಕು? ಮನೇಲೇ ಕೂತ್ರೆ ಆಗಲ್ವಾ?" ಅಂತ ನಾನೊಮ್ಮೆ ಕೆಣಕಿದ್ದೆ.

"ನನ್ನ ಕಿವಿ ಹೋಗಿರೋದು ಮಾತಿಗೆ ಕಣಮ್ಮ, ಸದ್ದಿಗಲ್ಲ," ಅಂದರು. "ಅಂಗಡಿ ಮುಚ್ಚಿದ್ಮೇಲೂ ಒಳಗೆ ಸುತ್ತಿಗೆ ನಿಲ್ಲಲ್ಲ. ನೀರಿನ ಹತ್ರ ಹೋಗಿ ಕೂತ್ರೆ ಒಂದು ಗಳಿಗೆಗೆ ನಿಧಾನ ಆಗುತ್ತೆ, ಆಮೇಲೆ ನಿಂತೇ ಹೋಗುತ್ತೆ. ಅದಕ್ಕೆ ಹೋಗೋದು. ಮೀನು ಸಿಕ್ರೆ ನಿಮ್ಮಕ್ಕನಿಗೆ ಖುಷಿ, ಅಷ್ಟೇ."

ಆಮೇಲೆ ಆ ವಿಷಯದಲ್ಲಿ ನಾನು ಅವರನ್ನು ಕೆಣಕಲಿಲ್ಲ.

ವಾರದ ರಜೆಯ ದಿನ ಬಂದರೆ ಗಾಳದ ಕೋಲು, ಎರೆಹುಳದ ಡಬ್ಬಿ, ಊಟದ ಡಬ್ಬಿ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಎಲ್ಲಿಗೆ ಅಂತ ಕೇಳಿದರೆ ಕೆರೆ ಅನ್ನುತ್ತಿದ್ದರು, ಹೋಗುತ್ತಿದ್ದದ್ದು ಕಾಲುವೆಗೆ. ಕಾಲುವೆ ಅಂದ ದಿನ ಕೆರೆಯಲ್ಲಿರುತ್ತಿದ್ದರು. ಇದು ಅವರೊಬ್ಬರ ಚಾಳಿ ಅಲ್ಲ. ಆ ಊರಿನ ಗಾಳದವರೆಲ್ಲರ ಕಟ್ಟಳೆಯೇ ಹಾಗೆ. ಹೇಳಿ ಹೋದರೆ ಮೀನು ಬೀಳುವುದಿಲ್ಲ. ಆದರೆ ಕೇಳಿದವರ ಎದುರು ಬಾಯಿ ಮುಚ್ಚಿಕೊಂಡು ಹೋಗುವುದೂ ಮರ್ಯಾದೆಯಲ್ಲ. ಅದಕ್ಕೇ ಎದುರು ದಿಕ್ಕು ಹೇಳುವುದು. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಆದರೂ ಇಬ್ಬರೂ ಮುಖ ಗಂಭೀರ ಮಾಡಿಕೊಂಡು "ಹೌದಾ, ಒಳ್ಳೇದು, ಹೋಗಿ ಬಾ" ಅನ್ನುತ್ತಾರೆ. ಬೆಳೆದ ಗಂಡಸರು! ನನಗಂತೂ ನೋಡಿ ಮೈಯೆಲ್ಲ ಉರಿಯುತ್ತಿತ್ತು.

ಈ ಕಳ್ಳಾಟದಲ್ಲಿ ಭಾವನ ಜೊತೆಗಾರರೆಂದರೆ ಗಡಿಯಾರದವರು. ಬೀದಿಯ ತುದಿಯಲ್ಲಿ ಕಪಾಟಿನಷ್ಟು ಅಗಲದ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುತ್ತಾ ಕೂತಿರುತ್ತಿದ್ದರು. ಅವರಿಗೂ ಗಾಳದ ಹುಚ್ಚು. ಚಿಕ್ಕಂದಿನಿಂದ ಇಬ್ಬರದೂ ಒಂದೇ ಲೋಟದಲ್ಲಿ ಚಹಾ ಕುಡಿಯುವಷ್ಟು ಸ್ನೇಹ. ಆದರೆ ಒಬ್ಬರ ಜಾಗ ಇನ್ನೊಬ್ಬರಿಗೆ ಹೇಳಿದವರಲ್ಲ. ಒಮ್ಮೆ ಇಬ್ಬರೂ ಬೇರೆ ಬೇರೆ ಸುಳ್ಳು ಹೇಳಿ ಹೊರಟು ಒಂದೇ ಮಡುವಿನ ದಡದಲ್ಲಿ ಎದುರಾಬದುರಾ ಸಿಕ್ಕಿಬಿದ್ದರಂತೆ. ಸಂಜೆಯವರೆಗೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದು, ಮರುದಿನ ಚಹಾದಂಗಡಿಯಲ್ಲಿ "ನಿನ್ನೆ ಎಲ್ಲಿ ಹೋಗಿದ್ದೆ?" ಅಂತ ಏನೂ ಆಗದವರಂತೆ ಕೇಳಿಕೊಂಡರಂತೆ. ಭಾವ ಹೇಳಿದ್ದನ್ನು ತಿರುಗಿಸಿ ನಿಜವಾದ ಜಾಗ ಊಹಿಸುವುದರಲ್ಲಿ ಗಡಿಯಾರದವರದು ಎತ್ತಿದ ಕೈ. "ಅವನ ನಾಡಿ ನನಗೆ ಗೊತ್ತು" ಅನ್ನುವುದು ಅವರ ಬಾಯಿಪಾಠ.

ಜಾಗ ಹುಡುಕುವುದನ್ನು ಭಾವ ಮೀನು ಹಿಡಿಯುವುದಕ್ಕಿಂತ ದೊಡ್ಡ ವಿದ್ಯೆ ಅಂತ ತಿಳಿದಿದ್ದರು. ಎಲ್ಲಿ ಅಂತ ಹೇಳುತ್ತಿರಲಿಲ್ಲ, ಹೇಗೆ ಅಂತ ಕೇಳಿದರೆ ಮಾತ್ರ ಮಾತು ಬರುತ್ತಿತ್ತು. ಅಡುಗೆಮನೆಯ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಮೀನಿನ ಹುರುಪೆ ಕೆರೆಯುತ್ತಾ ನನಗೆ ಪಾಠ ಮಾಡುತ್ತಿದ್ದರು. "ದಾರಿ ಇರೋ ಕಡೆ ಜನ ಇರ್ತಾರೆ. ದಾರಿ ಮುಗಿದು ಹುಲ್ಲು ಶುರುವಾದ್ಮೇಲೆ ಎಷ್ಟು ನಡೀತೀಯ ಅನ್ನೋದೇ ಮುಖ್ಯ. ನೀರು ಕಂಡ ತಕ್ಷಣ ಕುಣೀಬಾರ್ದು. ಮೊದ್ಲು ಹಕ್ಕಿ ನೋಡ್ಬೇಕು. ನಿನ್ನ ಕಂಡು ಹಾರಿಹೋದ್ರೆ ಒಳ್ಳೇ ಜಾಗ. ಜನರನ್ನ ನೋಡಿ ನೋಡಿ ಸಾಕಾಗಿರೋ ಹಕ್ಕಿ ಹಾರೋದೇ ಇಲ್ಲ, ಅಂಥ ಕಡೆ ಕೂರಬೇಡ. ಹಾರಿದ ಹಕ್ಕಿ ವಾಪಸ್ ಬಂದು ಕೂರೋವರೆಗೂ ಗಾಳ ಹಾಕಬಾರ್ದು. ಆಗ ನೀನೂ ಆ ಜಾಗದವನು ಅಂತ ಅರ್ಥ."

"ಹಕ್ಕಿ ಬರ್ಲೇ ಇಲ್ಲ ಅಂದ್ರೆ?" ಅಂದೆ.

"ಬರುತ್ತೆ. ನೀನು ಬಾಯಿ ಮುಚ್ಚಿಕೊಂಡಿದ್ರೆ." ಅವರು ತಲೆ ಎತ್ತದೆ ಹೇಳಿದರು. ಅಕ್ಕ ಒಲೆಯ ಹತ್ತಿರ ನಿಂತು ಬಿದ್ದು ಬಿದ್ದು ನಕ್ಕಳು.

ಆದರೆ ಅವರು ಕಷ್ಟಪಟ್ಟು ಹುಡುಕಿದ ಜಾಗ ಒಂದಾದರೂ ಅವರಿಗೆ ಉಳಿಯಲಿಲ್ಲ. ಮೊದಲು ಕೆರೆ ಹೋಯಿತು. ಸುತ್ತಲೂ ನಡೆಯುವವರಿಗೆಂದು ಕಲ್ಲು ಹಾಸಿ, ಬೆಂಚು ಹಾಕಿ, ಕಂಬಕ್ಕೊಂದು ಸ್ಪೀಕರ್ ಕಟ್ಟಿ ಬೆಳಿಗ್ಗೆಯಿಂದ ಹಾಡು ಹಚ್ಚಿದರು. ಕಾಲುವೆಯ ತಿರುವಿನಲ್ಲಿ ಇಟ್ಟಿಗೆ ಭಟ್ಟಿ ಬಂತು, ಲಾರಿಗಳು ಬಂದವು. ಹಳೆಯ ರೈಲು ಸೇತುವೆಯ ಕೆಳಗಿನ ಮಡುವಿಗೆ ಫೋಟೋ ತೆಗೆಯುವವರು ನುಗ್ಗಿದರು. ಪ್ರತಿ ಸಲವೂ ಭಾವ ಸಾವಿನ ಮನೆಯಿಂದ ಬಂದವರ ಹಾಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೋಲನ್ನು ಮೂಲೆಗೆ ಒರಗಿಸಿ "ಅದೂ ಹೋಯ್ತು" ಅನ್ನುತ್ತಿದ್ದರು. ಯಾವುದು ಹೋಯ್ತು ಅಂತ ಆಗಲೂ ಹೇಳುತ್ತಿರಲಿಲ್ಲ. ಮುಂದಿನ ವಾರ ಇನ್ನೂ ದೂರ ಹುಡುಕಿಕೊಂಡು ಹೋಗುತ್ತಿದ್ದರು. ಪ್ರಶಾಂತವಾದ ಜಾಗ ಬೇಕೆಂದರೆ ಜನರಿಂದ ದೂರ ಹೋಗಲೇಬೇಕು. ವಯಸ್ಸು ಮೇಲೇರುತ್ತಿತ್ತು, ಜಾಗ ದೂರ ಸರಿಯುತ್ತಿತ್ತು.

ಕೊನೆಗೆ ಸಿಕ್ಕಿದ್ದು ಹಳೆಯ ಕಲ್ಲು ಕ್ವಾರಿ. ಕಲ್ಲು ತೆಗೆಯುವುದು ನಿಂತು ಎಷ್ಟೋ ಕಾಲವಾಗಿ ನೀರು ತುಂಬಿಕೊಂಡಿದ್ದ ಗುಂಡಿ. ಬಸ್ಸು ಇಳಿದು, ಟಾರು ರಸ್ತೆ ಬಿಟ್ಟು, ಮುಳ್ಳುಗಿಡಗಳ ಮಧ್ಯೆ ಬಹಳ ಹೊತ್ತು ನಡೆಯಬೇಕು. ಸುತ್ತ ಕಡಿದ ಬಂಡೆಯ ಗೋಡೆ. ಕೆಳಗಿಳಿಯಲು ಕೆಲಸದವರು ಹಿಂದೆ ಕೊರೆದ ಒರಟು ಮೆಟ್ಟಿಲು. ಅಲ್ಲಿ ಗಾಳಿಯೂ ಬೀಸುವುದಿಲ್ಲ ಅಂತ ಭಾವ ಅಕ್ಕನ ಹತ್ತಿರ ಹೇಳಿದ್ದರಂತೆ. ಅದನ್ನು ಹೇಳಿದ್ದೇ ದೊಡ್ಡ ಕಥೆ.

ಒಂದು ದಿನ ಅಂಗಡಿಯಲ್ಲಿ ಕೂತಿದ್ದ ಭಾವ ಎದ್ದು ನಿಂತರು, ನಿಂತವರು ಹಾಗೆಯೇ ತಗಡಿನ ರಾಶಿಯ ಮೇಲೆ ಕುಸಿದರು. ಮೊಣಕೈ ಕುಯ್ದು ರಕ್ತ ಸುರಿಯಿತು. ಕಿವಿಯ ಒಳಗಿನ ಭಾಗ ಹಾಳಾಗಿದೆ, ಅದರಿಂದಲೇ ತಲೆಸುತ್ತು, ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ ಅಂದರು ಡಾಕ್ಟರು. ಎತ್ತರದ ಕಡೆ, ನೀರಿನ ಕಡೆ ಒಬ್ಬರೇ ಹೋಗಲೇಬೇಡಿ ಅಂದರು. ಅಕ್ಕ ಮನೆಗೆ ಬಂದವಳೇ ಗಾಳದ ಕೋಲನ್ನು ಪಕ್ಕದ ಮನೆಯವರ ಅಟ್ಟದಲ್ಲಿ ಬಚ್ಚಿಟ್ಟಳು.

ಭಾವ ಕೇಳಲಿಲ್ಲ, ಹುಡುಕಲೂ ಇಲ್ಲ. ರಜೆಯ ದಿನ ಮುಚ್ಚಿದ ಅಂಗಡಿಯೊಳಗೆ ಹೋಗಿ ಕತ್ತಲಲ್ಲಿ ಕೂರಲು ಶುರುಮಾಡಿದರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆಯಲ್ಲಿ ಕೈಯಾಡಿಸಿ ಎದ್ದು ಹೋಗುತ್ತಿದ್ದರು. ರಾತ್ರಿ ನಿದ್ದೆ ಇಲ್ಲ. ತಲೆಯೊಳಗೆ ಸುತ್ತಿಗೆ ಬಡಿಯುತ್ತಲೇ ಇದೆ, ಒಂದು ದಿನವೂ ಬಿಡುವು ಕೊಟ್ಟಿಲ್ಲ ಅಂತ ಒಮ್ಮೆ ಮಾತ್ರ ಹೇಳಿದರಂತೆ. ಹೇಳಿ ಅತ್ತುಬಿಟ್ಟರಂತೆ. ಗಂಡ ಅತ್ತಿದ್ದನ್ನು ಅಕ್ಕ ಅಲ್ಲಿಯವರೆಗೆ ನೋಡಿರಲಿಲ್ಲ. ಮರುದಿನವೇ ಕೋಲು ತಂದು ಅವರ ಮುಂದಿಟ್ಟಳು.

"ಹೋಗಿ. ಬೇಡ ಅನ್ನಲ್ಲ. ಆದ್ರೆ ಎಲ್ಲಿಗೆ ಅಂತ ನಿಜ ಹೇಳಿ ಹೋಗಿ."

"ಹೇಳಿ ಹೋದ್ರೆ ಮೀನು ಬೀಳಲ್ಲ ಕಣೇ."

"ಮೀನು ಬೀಳ್ದಿದ್ರೆ ಬೇಡ. ನೀವು ಬಿದ್ರೆ ನಾನು ಎಲ್ಲಿ ಅಂತ ಹುಡುಕ್ಲಿ?"

ಭಾವ ಬಹಳ ಹೊತ್ತು ಕೋಲಿನ ತುದಿಯನ್ನೇ ಸವರುತ್ತಾ ಕೂತರಂತೆ. ಆಮೇಲೆ ಅಕ್ಕನ ಕೈ ಹಿಡಿದು, "ಆಯ್ತು. ನಿನಗೆ ನಿಜ ಹೇಳ್ತೀನಿ. ಭಾಷೆ," ಅಂದರಂತೆ.

ಅಲ್ಲಿಂದ ಮುಂದಿನದನ್ನು ಅಕ್ಕ ನನಗೆ ಫೋನಿನಲ್ಲಿ ನಗುತ್ತಾ ಹೇಳುತ್ತಿದ್ದಳು. ಹೊರಡುವ ಮುಂಚೆ ಭಾವ ಅಡುಗೆಮನೆಗೆ ಬಂದು, ಕಿಟಕಿ ಮುಚ್ಚಿ, ಅವಳ ಕಿವಿಯ ಹತ್ತಿರ ಬಾಯಿ ತಂದು ಗುಟ್ಟಾಗಿ ಜಾಗದ ಹೆಸರು ಹೇಳುತ್ತಿದ್ದರಂತೆ. ಕಿವುಡರಿಗೆ ತಮ್ಮ ಪಿಸುಮಾತು ಎಷ್ಟು ಜೋರು ಅಂತ ಗೊತ್ತಾಗುವುದುಂಟೇ? ಅವರು ಪಿಸುಗುಟ್ಟಿದ್ದು ಕೆಳಗಿನ ಅಂಗಡಿಗೆ ಕೇಳುವಂತಿರುತ್ತಿತ್ತಂತೆ. ಅಕ್ಕ ಅವರ ಬಾಯಿಗೆ ಅಡ್ಡ ಕೈ ಹಿಡಿದು "ಸಾಕು ಸಾಕು, ಗೊತ್ತಾಯ್ತು" ಅನ್ನುತ್ತಿದ್ದಳಂತೆ. "ಯಾರಿಗೂ ಹೇಳ್ಬೇಡ," ಅಂತ ಇನ್ನೂ ಜೋರಾಗಿ ಹೇಳಿ ಅವರು ಮೆಟ್ಟಿಲಿಳಿಯುತ್ತಿದ್ದರಂತೆ. ಮಕ್ಕಳಿಲ್ಲದ ಮನೆ ನೋಡಿ, ಆ ಒಂದು ಗುಟ್ಟು ಅವರಿಬ್ಬರಿಗೆ ಹೊಸ ಸಂಸಾರ ಹೂಡಿದಂತಾಗಿತ್ತು. ಅಕ್ಕನ ದನಿಯಲ್ಲಿ ಅಷ್ಟು ಹಗುರ ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಆ ದಿನ ನಾನು ಊರಲ್ಲಿರಲಿಲ್ಲ. ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದೆ. ನಡೆದದ್ದನ್ನು ಅವರಿವರ ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ.

ಬೆಳಿಗ್ಗೆ ಭಾವ ಅಕ್ಕನ ಕಿವಿಯಲ್ಲಿ "ಕಲ್ಲು ಕ್ವಾರಿ" ಅಂದರು. ಡಬ್ಬಿ ಹಿಡಿದು ಇಳಿದರು. ಬೀದಿಯ ತುದಿಯಲ್ಲಿ ಗಡಿಯಾರದವರು ಎಂದಿನಂತೆ ಭೂತಗನ್ನಡಿ ಹಣೆಗೇರಿಸಿ, "ಏನಪ್ಪಾ, ಇವತ್ತು ಯಾವ ಕಡೆ ಸವಾರಿ?" ಅಂದರು.

"ಹಳೇ ಕ್ವಾರಿ."

ಗಡಿಯಾರದವರು ನಕ್ಕರು. "ಹೌದಾ, ಒಳ್ಳೇದು, ಹೋಗಿ ಬಾ."

ಭಾವ ಎಂದಿನಂತೆ ಹೊರಡಲಿಲ್ಲ. ಅಲ್ಲೇ ಸ್ವಲ್ಪ ನಿಂತರು. "ಕ್ವಾರಿಗೇ ಕಣೋ," ಅಂತ ಇನ್ನೊಮ್ಮೆ ಹೇಳಿದರು. ಗಡಿಯಾರದವರು ಇನ್ನೂ ಜೋರಾಗಿ ನಕ್ಕು, "ನಾಟಕದವರು ನಿನ್ನ ಹತ್ರ ಕಲೀಬೇಕು," ಅಂದರು. ಭಾವ ಹೊರಟುಹೋದರು.

ಗಡಿಯಾರದವರಿಗೂ ನಿಜ ಯಾಕೆ ಹೇಳಿದರೋ, ಭಾಷೆ ಕೊಟ್ಟಿದ್ದು ಅಕ್ಕನಿಗೆ ಮಾತ್ರ. ನನಗೆ ಅನ್ನಿಸುವುದು ಇಷ್ಟೇ. ಅವತ್ತು ಮೈ ನೆಟ್ಟಗಿರಲಿಲ್ಲ, ಭಯವಾಗಿತ್ತು. ಹೋಗದೆ ಇರಲು ಆಗುತ್ತಿರಲಿಲ್ಲ. ಇನ್ನೊಬ್ಬರಿಗೂ ಗೊತ್ತಿರಲಿ ಅನ್ನಿಸಿರಬೇಕು.

ಸಂಜೆಯಾಯಿತು, ಭಾವ ಬರಲಿಲ್ಲ. ಕಿವಿಗೆ ಕೇಳಿಸದ ಫೋನು ಯಾಕೆ ಅಂತ ಅವರು ಅದನ್ನು ಇಟ್ಟುಕೊಂಡವರೇ ಅಲ್ಲ. ಅಕ್ಕ ಕಿಟಕಿಯ ಹತ್ತಿರ ನಿಂತಳು, ಮೆಟ್ಟಿಲ ಮೇಲೆ ಬಂದು ನಿಂತಳು, ಬೀದಿಗೆ ಬಂದು ನಿಂತಳು. ಯಾರಿಗಾದರೂ ಹೇಳಿದರೆ ಅವರ ಜಾಗ ಬಯಲಾಗುತ್ತದಲ್ಲ ಅಂತ ಆಗಲೂ ಅಳುಕುತ್ತಿದ್ದಳಂತೆ, ಹುಚ್ಚಿ. ಕೊನೆಯ ಬಸ್ಸಿನಲ್ಲೂ ಇಲ್ಲ ಅಂತ ಆದ ಮೇಲೆ ಗಡಿಯಾರದವರ ಮನೆ ಬಾಗಿಲು ಬಡಿದಳು.

"ಕ್ವಾರಿಗೆ ಹೋಗ್ತೀನಿ ಅಂದಿದ್ರು ಅಣ್ಣ. ಇನ್ನೂ ಬಂದಿಲ್ಲ."

"ನನಗೂ ಹಾಗೇ ಅಂದ ಅತ್ತಿಗೆ. ಅಂದ್ಮೇಲೆ ಅವನು ಆ ಕಡೆ ತಲೆ ಹಾಕಿಯೂ ಮಲಗಿರಲ್ಲ."

"ಇಲ್ಲ, ನನಗೆ ನಿಜ ಹೇಳ್ತಿದ್ರು. ಭಾಷೆ ಕೊಟ್ಟಿದ್ರು."

"ನೋಡಿ ಅತ್ತಿಗೆ, ನಿಮಗೆ ನಿಜ ಹೇಳಿದ್ದಿದ್ರೆ ನನಗೆ ಬೇರೆ ಏನಾದ್ರೂ ಹೇಳ್ಬೇಕಿತ್ತು ತಾನೆ? ನನಗೆ ಅವನು ಜನ್ಮದಲ್ಲಿ ನಿಜ ಹೇಳಿದವನಲ್ಲ. ಇಬ್ಬರಿಗೂ ಒಂದೇ ಹೇಳಿದಾನೆ ಅಂದ್ರೆ ಇಬ್ಬರಿಗೂ ಸುಳ್ಳೇ. ಕ್ವಾರಿ ಇರೋದು ಬಸ್ಸಿನ ದಾರಿಯ ಆ ತುದಿ. ಅವನು ಈ ತುದಿಗೆ ಹೋಗಿದಾನೆ, ಕಾಲುವೆ ತೂಬಿನ ಹತ್ರ. ಅವನ ನಾಡಿ ನನಗೆ ಗೊತ್ತು."

ಎಷ್ಟು ಚೆನ್ನಾಗಿದೆ ನೋಡಿ ಲೆಕ್ಕ. ಗಾಳದವರೆಲ್ಲ ತಲೆದೂಗಿದರು. ಅವರಲ್ಲಿ ಒಬ್ಬನಾದರೂ ಒಬ್ಬ ಮನುಷ್ಯ ಭಯಪಟ್ಟು ನಿಜ ಹೇಳಬಹುದು ಅಂತ ಯೋಚಿಸಲಿಲ್ಲ. ಅಕ್ಕ ಇನ್ನೊಂದು ಸಲ "ಕ್ವಾರಿ" ಅಂದಳಂತೆ. ಟಾರ್ಚ್ ಹಿಡಿದು ಎಲ್ಲರೂ ಕಾಲುವೆಯ ಕಡೆ ನಡೆದರು. ಅವಳೂ ಅವರ ಹಿಂದೆ ನಡೆದಳು.

ತೂಬಿನ ಹತ್ತಿರ ಹುಲ್ಲಿನಲ್ಲಿ ಎರೆಹುಳದ ಡಬ್ಬಿ ಸಿಕ್ಕಿತು. ತಗಡಿನದು, ಅಂಚು ಮಡಿಚಿ ಬೆಸುಗೆ ಹಾಕಿದ್ದು. ನೋಡಿದವರೆಲ್ಲ "ಅವನ ಕೈಕೆಲಸವೇ" ಅಂದರು. ಅಲ್ಲವೇ ಮತ್ತೆ! ಊರಿನ ಗಾಳದವರೆಲ್ಲರ ಡಬ್ಬಿಯನ್ನೂ ಮಾಡಿಕೊಟ್ಟವರು ಭಾವನೇ. ಅಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಒಬ್ಬೊಬ್ಬರ ಮನೆಯಲ್ಲೂ ಅಂಥದ್ದೇ ಒಂದು ಇತ್ತು. ಯಾರಿಗೂ ಅದು ಹೊಳೆಯಲಿಲ್ಲ. ಒಬ್ಬ ಅಲ್ಲೇ ಅಳಲು ಶುರುಮಾಡಿದ. ತಲೆಸುತ್ತು ಬಂದು ನೀರಿಗೆ ಬಿದ್ದಿದ್ದಾನೆ ಅಂತ ತೀರ್ಮಾನವಾಯಿತು. ಜೀವಂತ ಇದ್ದಾರೋ ಅಂತ ಹುಡುಕುವುದು ಅಲ್ಲಿಗೇ ನಿಂತಿತು. ಅಲ್ಲಿಂದ ಮುಂದೆ ಹುಡುಕಿದ್ದು ಹೆಣವನ್ನು.

ಬೆಳಿಗ್ಗೆ ಪೊಲೀಸರು ಬಂದರು, ಈಜುವವರು ಬಂದರು. ಮೇಲಿನಿಂದ ನೀರು ನಿಲ್ಲಿಸಿ, ಹಗ್ಗಕ್ಕೆ ಕೊಕ್ಕೆ ಕಟ್ಟಿ ಕಾಲುವೆಯ ತಳವನ್ನೆಲ್ಲ ಜಾಲಾಡಿದರು. ದಡದ ತುಂಬ ಜನ.

ನನಗೆ ಫೋನು ಬಂದು, ಬಾಣಂತಿ ಮಗಳನ್ನು ಅವಳ ಅತ್ತೆಗೆ ಒಪ್ಪಿಸಿ, ಬಸ್ಸು ಹಿಡಿದು ನಾನು ಅಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಅಕ್ಕ ದಡದಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದಳು. ತಲೆ ಬಾಚಿರಲಿಲ್ಲ. ಕೊಕ್ಕೆ ನೀರಿನಿಂದ ಮೇಲೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾನು ಅವಳನ್ನು ತಬ್ಬಿಕೊಂಡು ಕೇಳಿದ ಮೊದಲ ಮಾತು, "ಎಲ್ಲಿಗೆ ಅಂತ ಹೇಳಿ ಹೋಗಿದ್ರು ಭಾವ?"

"ಕ್ವಾರಿ."

"ಮತ್ತೆ ಇಲ್ಲಿ ಯಾಕೆ ಕೂತಿದೀಯ?"

ಅಕ್ಕ ನನ್ನ ಮುಖ ನೋಡಿದಳು. ಗಡಿಯಾರದವರು ಮುಂದೆ ಬಂದು, ಅಳುತ್ತಲೇ, ತಮ್ಮ ಲೆಕ್ಕವನ್ನು ನನಗೂ ಒಪ್ಪಿಸಿದರು. ನನಗೆ ಪಿತ್ತ ನೆತ್ತಿಗೇರಿತು.

"ನಿಮ್ಮ ಬುದ್ಧಿವಂತಿಕೆಗಿಷ್ಟು ಬೆಂಕಿ ಹಾಕ! ಹೇಳಿದ ಜಾಗಾನ ಒಂದ್ಸಲ ಹೋಗಿ ನೋಡಿದ್ರೆ ನಿಮ್ಮಪ್ಪನ ಗಂಟು ಏನು ಹೋಗ್ತಿತ್ತು? ಯಾರಾದ್ರೂ ಹೋದ್ರಾ? ಒಬ್ಬರಾದ್ರೂ?"

ಒಬ್ಬರೂ ಹೋಗಿರಲಿಲ್ಲ. ಆ ಗುಂಪಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ನಾನು ಬಾಡಿಗೆ ಗಾಡಿಯವನನ್ನು ಕರೆದು ಅಕ್ಕನನ್ನು ಹತ್ತಿಸಿದ್ದೆ. ಗಡಿಯಾರದವರು ಓಡಿಬಂದು ಮುಂದಿನ ಸೀಟಿನಲ್ಲಿ ಕೂತರು. ಗಾಡಿ ಹೋಗುವಷ್ಟು ದೂರ ಹೋಗಿ ನಿಂತ ಮೇಲೆ ಮುಳ್ಳುಗಿಡಗಳ ಮಧ್ಯೆ ಅಕ್ಕ ಎಲ್ಲರಿಗಿಂತ ಮುಂದೆ ಓಡಿದಳು. ಮೊಣಕಾಲು ನೋವೆಂದು ಮನೆಯ ಮೆಟ್ಟಿಲನ್ನೇ ನಿಂತು ನಿಂತು ಹತ್ತುತ್ತಿದ್ದವಳು.

ಕ್ವಾರಿಯ ಅಂಚು ತಲುಪಿದ ಕೂಡಲೇ ಕೆಳಗೆ ಕಂಡಿತು. ಬಂಡೆಯ ಸಂದಿನಲ್ಲಿ ಗಾಳದ ಕೋಲನ್ನು ನೆಟ್ಟಗೆ ನಿಲ್ಲಿಸಿದ್ದರು. ಅದರ ತುದಿಗೆ ಬಿಳಿ ಟವೆಲ್ಲು. ಮೇಲಿನಿಂದ ನೋಡುವವರಿಗೆ ಕಾಣಲಿ ಅಂತ ಬಿಚ್ಚಿ ಹರಡಿ ಕಟ್ಟಿದ್ದರು. ತನ್ನ ಜಾಗವನ್ನು ಜೀವಮಾನವಿಡೀ ಮುಚ್ಚಿಟ್ಟ ಮನುಷ್ಯ ಅವರು. ನಾನು "ಭಾವ" ಅಂತ ಕೂಗಿದೆ. ಕೇಳಿಸದಿದ್ದರೆ ಅಂತ ಇನ್ನೂ ಜೋರಾಗಿ ಕೂಗಿದೆ.

ಅವರು ಮೆಟ್ಟಿಲುಗಳ ಬುಡದಲ್ಲಿ ಬಂಡೆಗೆ ಒರಗಿ ಕೂತಿದ್ದರು. ಬಲಗಾಲು ತೊಡೆಯ ಹತ್ತಿರ ತಿರುಚಿಕೊಂಡು ಊದಿತ್ತು. ನೀರಿನಂಚಿನಲ್ಲಿ ಜಾರಿ ಬಿದ್ದವರು ಅಷ್ಟು ದೂರ ತೆವಳಿಕೊಂಡು ಬಂದ ಗುರುತು ಕಲ್ಲುಪುಡಿಯಲ್ಲಿ ಹಾಗೇ ಇತ್ತು. ಮೆಟ್ಟಿಲು ಹತ್ತಲು ಆಗಿರಲಿಲ್ಲ. ಊಟದ ಡಬ್ಬಿಯಲ್ಲಿ ಅರ್ಧ ತಿಂದು, ಇನ್ನರ್ಧಕ್ಕೆ ಮುಚ್ಚಳ ಮುಚ್ಚಿ ಪಕ್ಕದಲ್ಲಿಟ್ಟುಕೊಂಡಿದ್ದರು. ನೀರಿಗೆ ಬೆನ್ನು ಹಾಕಿದ್ದರು. ಮುಖ ಪೂರ್ತಿ ಮೆಟ್ಟಿಲ ದಾರಿಯ ಕಡೆಗಿತ್ತು. ಕಣ್ಣು ತೆರೆದೇ ಇತ್ತು.

ಅಕ್ಕ ಇಳಿದು ಹೋಗಿ ಅವರ ಕೆನ್ನೆ ಮುಟ್ಟಿದಳು. ಆಮೇಲೆ ಅವರ ಪಕ್ಕದಲ್ಲೇ, ಅವರ ಹಾಗೇ ಬಂಡೆಗೆ ಒರಗಿ ಕೂತಳು. ಗಡಿಯಾರದವರು ಮೇಲಿನ ಮೆಟ್ಟಿಲಲ್ಲೇ ಉಳಿದರು. ಅವರಿಗೆ ಕೆಳಗೆ ಇಳಿಯುವ ಧೈರ್ಯ ಬರಲಿಲ್ಲ.

ಬೆಳಿಗ್ಗೆಯವರೆಗೂ ಜೀವ ಇತ್ತು ಅಂತ ಆಸ್ಪತ್ರೆಯಲ್ಲಿ ಹೇಳಿದರು. ಮುರಿದ ಕಡೆ ಒಳಗೇ ರಕ್ತ ಸೋರಿದೆ, ಜೊತೆಗೆ ರಾತ್ರಿಯ ಚಳಿ. ಹಿಂದಿನ ಸಂಜೆ ತಂದಿದ್ದರೆ ಅಂತ ಶುರುಮಾಡಿದ ಡಾಕ್ಟರು ಅಕ್ಕನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಹಾಳಾದವನು, ಅಷ್ಟು ಹೇಳಿದ ಮೇಲೆ ನಿಲ್ಲಿಸಿದರೆಷ್ಟು ಬಿಟ್ಟರೆಷ್ಟು.

ನಾನು ಗಡಿಯಾರದವರನ್ನು ಕ್ಷಮಿಸಿಲ್ಲ. ಅವರು ಕೆಟ್ಟವರಲ್ಲ ಅಂತ ಗೊತ್ತು, ಆದರೂ ಕ್ಷಮಿಸಿಲ್ಲ. ಆಮೇಲೆ ಅವರಿಗೆ ಸಣ್ಣ ತಿರುಪು ಹಿಡಿಯಲು ಆಗುತ್ತಿಲ್ಲವಂತೆ, ಅಂಗಡಿ ಮುಚ್ಚಿಯೇ ಇರುತ್ತದೆ. ಆಗಾಗ ಅಕ್ಕನ ಮನೆಗೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾರೆ. ಅಕ್ಕ ಚಹಾ ಕೊಡುತ್ತಾಳೆ. ಕುಡಿದು ಎದ್ದು ಹೋಗುತ್ತಾರೆ.

ಒಂದು ಸಂಜೆ ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಇವರಿಗೆ ಚಹಾ ಬೇರೆ ಕೇಡು. ಎಲ್ಲ ಇವರಿಂದಲೇ ಆಗಿದ್ದು. ಇವರು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನೀನು ತಾನೇ ಏನು ಮಾಡೋಕಾಗ್ತಿತ್ತು?" ಅಂದೆ.

ಅಕ್ಕ ಖಾಲಿ ಲೋಟ ಹಿಡಿದು ನಿಂತಿದ್ದಳು. "ಅವರನ್ನ ಬೈಬೇಡ ಕಣೇ. ಅವರಿಗೆ ಯಾರೂ ಭಾಷೆ ಕೊಟ್ಟಿರ್ಲಿಲ್ಲ. ನನಗೆ ಕೊಟ್ಟಿದ್ರು. ಅವತ್ತು ರಾತ್ರಿ ಎಲ್ಲರ ಹಿಂದೆ ಕಾಲುವೆಗೆ ನಡೀತಾ ನಡೀತಾ ನಾನೂ ಅಂದ್ಕೊಂಡೆ, ಇವರು ನನಗೂ ಸುಳ್ಳು ಹೇಳಿಬಿಟ್ರಲ್ಲ ಅಂತ. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು ನನಗೆ. ಗೊತ್ತಾ ನಿನಗೆ, ಸಿಟ್ಟು."

ನಾನು ಅವಳ ಕೈಯಿಂದ ಲೋಟ ತೆಗೆದುಕೊಂಡೆ. ಅವಳು ನಿಲ್ಲಿಸಲಿಲ್ಲ.

"ಅಲ್ಲಿ ಕೂತ್ಕೊಂಡು ಅವರು ಏನಂದ್ಕೊಂಡಿರ್ತಾರೆ ಹೇಳು. ಹೆದರಿರಲ್ಲ. ಹೇಳಿ ಬಂದಿದೀನಿ, ಬರ್ತಾಳೆ ಅಂತ ಕೂತಿರ್ತಾರೆ. ಕತ್ತಲಾದ್ರೂ ಬರ್ತಾಳೆ, ಬೆಳಗಾದ್ರೂ ಬರ್ತಾಳೆ ಅಂತ. ನನಗೆ ಅಂತ ಅರ್ಧ ಊಟ ಬೇರೆ ಇಟ್ಟಿದ್ರೋ ಏನೋ. ನನ್ನನ್ನ ಬೈಕೊಂಡು ಪ್ರಾಣ ಬಿಟ್ಟಿದ್ರೆ ಎಷ್ಟೋ ವಾಸಿಯಾಗಿತ್ತು ಕಣೇ. ನಂಬ್ಕೊಂಡೇ ಹೋದ್ರಲ್ಲ."

ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹಾಗಲ್ಲ ಅಕ್ಕ, ಅಂತ ಬಾಯಿ ತೆರೆದೆ. ಆದರೆ ಅದು ಅವಳು ಹೇಳಿದ ಹಾಗೇ ಇತ್ತು. ಕ್ವಾರಿಯಲ್ಲಿ ದಾರಿ ಕಾಯುತ್ತಿದ್ದ ಆ ಮುಖವನ್ನು ನಾನೂ ನೋಡಿದ್ದೆ.